ಒಪ್ಪಬೇಕಾದವರ ಕುರ್ಚಿ: ಪಾತ್ರಾಭಿನಯದ ಒಂದು ಕಿಟ್ ಜೊತೆ ಆರು ತಿಂಗಳು

ಜೂನ್ ಕೊನೆಯ ವಾರ ನಾಲ್ಕು ಮತ್ತು ಐದನೇ ತರಗತಿಯ ಹತ್ತೊಂಬತ್ತು ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಶಾಲೆಗೆ ಏನು ಬೇಕು ಅನಿಸುತ್ತದೋ ಅದನ್ನು ಕೇಳಿ ಮುಖ್ಯ ಶಿಕ್ಷಕರಿಗೆ ಪತ್ರ ಬರೆಯಿರಿ ಎಂದೆ. ಅರ್ಧ ಗಂಟೆಯಲ್ಲಿ ಹತ್ತೊಂಬತ್ತು ಪತ್ರ ಮೇಜಿನ ಮೇಲಿದ್ದವು. ಎಲ್ಲದರಲ್ಲೂ ‘ಇವರಿಂದ’, ‘ಇವರಿಗೆ’, ‘ಮಾನ್ಯರೇ’, ‘ವಿಷಯ’, ಕೊನೆಗೆ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’. ಚೌಕಟ್ಟು ಎಲ್ಲಿಯೂ ತಪ್ಪಿರಲಿಲ್ಲ. ನಡುವೆ ಮಾತ್ರ ಎರಡೇ ಸಾಲು: “ನಮ್ಮ ಶಾಲೆಗೆ ಆಟದ ಸಾಮಾನು ಬೇಕಾಗಿದೆ. ದಯವಿಟ್ಟು ಕೊಡಿಸಬೇಕಾಗಿ ವಿನಂತಿ.” ಯಾಕೆ ಬೇಕು, ಇಲ್ಲದಿದ್ದರೆ ಏನು ತೊಂದರೆ, ಕೊಡುವವರಿಗೆ ಏನು ಕಷ್ಟ, ಇದಾವುದೂ ಇಲ್ಲ.

ಅದೇ ಮಕ್ಕಳು ಊಟದ ಬಿಡುವಿನಲ್ಲಿ ಅಂಗಳದಲ್ಲಿ ವಾದ ಮಾಡುವುದನ್ನು ನೀವು ಕೇಳಬೇಕು. ಮೊದಲು ಬ್ಯಾಟಿಂಗ್ ಯಾರದ್ದು ಅಂತ ಜಗಳ. “ನಿನ್ನೆ ಬಾಲು ತೋಟಕ್ಕೆ ಹೋದಾಗ ಉಂಬಳ (ಜಿಗಣೆ) ಹತ್ತಿಸಿಕೊಂಡು ತಂದಿದ್ದು ಯಾರು?” ಎಂದು ಒಬ್ಬ ಕೇಳಿದರೆ ಎದುರಿನವನ ಬಾಯಿ ಕಟ್ಟುತ್ತದೆ. ಸಾಕ್ಷಿ, ಹಳೆಯ ಉಪಕಾರ, ನ್ಯಾಯ ಎಲ್ಲವೂ ಆ ಒಂದು ಸಾಲಿನಲ್ಲಿದೆ. ಪೆನ್ಸಿಲ್ ಹಿಡಿದ ಕೂಡಲೇ ಈ ಬಾಯಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ನನ್ನನ್ನು ಹದಿನಾರು ವರ್ಷದಿಂದ ಕಾಡಿದೆ. ಪಾತ್ರ ಮಾಡಿ ವಾದಿಸಿ, ಆಮೇಲೆ ಅದನ್ನು ಬರೆಯಲು ಕಲಿಸುವ ಈ ಕಿಟ್ ತರಿಸಿದ್ದು ಆ ಪ್ರಶ್ನೆಗಾಗಿ.

ನಾನು ಸಿದ್ದಾಪುರ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದರಿಂದ ಐದರವರೆಗೆ ನಾವು ಇಬ್ಬರೇ. ಕಿಟ್ ತಯಾರಿಸಿದವರು ಒಂದು ಸಣ್ಣ ತಂಡ. ಕೆಳಗೆ ಹೇಳುವ ಕುಂದುಗಳನ್ನೆಲ್ಲ ಅವರಿಗೆ ಆಗಲೇ ಬರೆದು ತಿಳಿಸಿದ್ದೇನೆ. ತಿದ್ದಿದ ಮುದ್ರಣ ಬರುವವರೆಗೆ ಹೆಸರು ಹಾಕುವುದು ಸರಿಯಲ್ಲ ಅನಿಸಿ ಇಲ್ಲಿ ಹೆಸರು ಬರೆದಿಲ್ಲ. ಬೆಲೆ 1,450 ರೂಪಾಯಿ, ಕೊರಿಯರ್‌ಗೆ ಬೇರೆ 120. ನನ್ನ ಸ್ವಂತ ದುಡ್ಡು.

ಪೆಟ್ಟಿಗೆಯಲ್ಲಿ ಹನ್ನೆರಡು ಸನ್ನಿವೇಶದ ಕಾರ್ಡು, ಒಂದೊಂದು ಸನ್ನಿವೇಶಕ್ಕೆ ಐದರಂತೆ ಅರವತ್ತು ಪಾತ್ರದ ಕಾರ್ಡು, ಮೂರು ಬಣ್ಣದ ಚೀಟಿಗಳ ಕಟ್ಟು, ಮೂರು ನಿಮಿಷದ ಮರಳು ಗಡಿಯಾರ, ಕುರ್ಚಿಯ ಬೆನ್ನಿಗೆ ಹೊದಿಸುವ ಒಂದು ಕಿತ್ತಳೆ ಬಣ್ಣದ ಬಟ್ಟೆ, ಮತ್ತು ನಲವತ್ತೆಂಟು ಪುಟದ ಕೈಪಿಡಿ. ಜೊತೆಗೆ ಎರಡು ಸಂಜೆ ಆನ್‌ಲೈನ್ ತರಬೇತಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ. ಗುಡ್ಡದ ಮೇಲಿನ ಬಸ್ ನಿಲ್ದಾಣದಲ್ಲಿ ಕೊಡೆ ಹಿಡಿದು ಕೂತು ಮೊದಲ ಸಂಜೆಯದ್ದನ್ನು ಕೇಳಿದೆ, ಎರಡನೆಯದನ್ನು ಆಮೇಲೆ ರೆಕಾರ್ಡಿಂಗ್‌ನಲ್ಲಿ ನೋಡಿದೆ.

ಆ ಕಿತ್ತಳೆ ಬಟ್ಟೆಯ ಬಗ್ಗೆ ಮೊದಲು ಹೇಳುತ್ತೇನೆ. ಇಡೀ ಪೆಟ್ಟಿಗೆಯಲ್ಲಿ ಬೆಲೆಬಾಳುವುದು ಅದೇ. ಬಟ್ಟೆ ಹೊದಿಸಿದ ಕುರ್ಚಿಗೆ ಕೈಪಿಡಿ ‘ಒಪ್ಪಬೇಕಾದವರ ಕುರ್ಚಿ’ ಎಂದು ಹೆಸರಿಟ್ಟಿದೆ. ಯಾರ ಮನಸ್ಸನ್ನು ಒಲಿಸಬೇಕೋ ಆ ಪಾತ್ರ ಅಲ್ಲಿ ಕೂರುತ್ತದೆ. ಪಂಚಾಯ್ತಿ ಅಧ್ಯಕ್ಷರಿರಬಹುದು, ಅಂಗಡಿಯವರಿರಬಹುದು, ಅಮ್ಮ ಇರಬಹುದು. ಮರಳು ಇಳಿಯುವವರೆಗೆ ಆ ಪಾತ್ರ ಬಾಯಿ ತೆರೆಯುವಂತಿಲ್ಲ, ಬರೀ ಕೇಳಬೇಕು. ಮರಳು ಮುಗಿದ ಮೇಲೆ ಮೂರು ಪ್ರಶ್ನೆ. ಕೊನೆಗೆ ಒಪ್ಪಲಿ ಬಿಡಲಿ, ಯಾವ ಮಾತಿಗೆ ಮನಸ್ಸು ಕೊಂಚ ಸರಿಯಿತು ಎಂಬುದನ್ನು ಹೇಳಿಯೇ ಏಳಬೇಕು. ಪತ್ರ ಬರೆಯುವ ಮೊದಲು ಗುಂಪಿನ ಪ್ರತಿ ಮಗುವೂ ಒಮ್ಮೆಯಾದರೂ ಅಲ್ಲಿ ಕೂತಿರಲೇಬೇಕು. ಕೈಪಿಡಿಯಲ್ಲಿ ಈ ನಿಯಮಕ್ಕೆ ಅರ್ಧ ಪುಟ ಅಷ್ಟೇ. ಆರು ತಿಂಗಳ ನಂತರ ನನಗನಿಸುತ್ತದೆ, ಮಿಕ್ಕ ನಲವತ್ತೇಳೂವರೆ ಪುಟ ಈ ಅರ್ಧ ಪುಟಕ್ಕೆ ಹಾಕಿದ ಬೇಲಿ.

ಮೊದಲ ಪ್ರಯತ್ನ ಮಾತ್ರ ಸೋತಿತು. ಜುಲೈಯಲ್ಲಿ ಒಂದನೇ ಕಾರ್ಡು ತೆಗೆದೆ. ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕಲು ಸಂಘದ ಅಧ್ಯಕ್ಷರ ಒಪ್ಪಿಗೆ ಪಡೆಯಬೇಕು, ಅದು ಸನ್ನಿವೇಶ. ಐದನೇ ತರಗತಿಯ ಹುಡುಗ ಎದ್ದು ನಿಂತು ಕೇಳಿದ, “ನಾಯಿ ಸಾಕೋಕೆ ಯಾರನ್ನ ಕೇಳ್ಬೇಕು ಅಕ್ಕೋರೇ?” ಅವನ ಮನೆಯಲ್ಲಿ ಮೂರು ನಾಯಿ. ಮಂಗ ಓಡಿಸೋಕೆ ಒಂದು, ಹಂದಿಗೆ ಒಂದು, ಇನ್ನೊಂದು ತಾನೇ ಬಂದು ಉಳಿದದ್ದು. ನಾನು ಅಪಾರ್ಟ್‌ಮೆಂಟ್ ಅಂದರೇನು, ಲಿಫ್ಟ್ ಅಂದರೇನು ಎಂದು ವಿವರಿಸುವಷ್ಟರಲ್ಲಿ ನಲವತ್ತು ನಿಮಿಷ ಮುಗಿಯಿತು. ಎರಡನೇ ಕಾರ್ಡು ಈಜುಕೊಳ, ಮೂರನೆಯದು ಪಿಜ್ಜಾ. ಹನ್ನೆರಡರಲ್ಲಿ ಏಳು ಕಾರ್ಡು ದೊಡ್ಡ ಊರಿನ ಮಕ್ಕಳಿಗೆ ಮಾತ್ರ. ಸರ್ಕಾರಿ ಶಾಲೆಗಳಿಗೆ ಎಂದು ಹೇಳಿ ಮಾರುವ ಸಾಮಗ್ರಿಯಲ್ಲಿ ಇದು ಸಣ್ಣ ತಪ್ಪಲ್ಲ. ವಾದಿಸಲು ಮಗುವಿಗೆ ತಾನು ಕಂಡ ವಿಷಯ ಬೇಕು. ಕಾಣದ್ದರ ಬಗ್ಗೆ ಅದು ಕಾರಣ ಎಲ್ಲಿಂದ ತಂದೀತು?

ಹಾಗಾಗಿ ಕಾರ್ಡುಗಳನ್ನು ಬದಿಗಿಟ್ಟೆ. ನಮ್ಮ ಬಿಸಿಯೂಟದ ಕೋಣೆಯ ಮೇಲೆ ಒಂದು ಹಲಸಿನ ಮರ ಬಾಗಿದೆ. ಕಾಯಿ ಬಿದ್ದು ಹಂಚು ಒಡೆಯುತ್ತದೆ, ಎಲೆ ಕಟ್ಟಿಕೊಂಡು ಮಳೆಗಾಲದಲ್ಲಿ ಸೋರುತ್ತದೆ. ಕಡಿಸಬೇಕು ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮಾತು ಬಂದಿತ್ತು. ಅದನ್ನೇ ಸನ್ನಿವೇಶ ಮಾಡಿದೆ. ಪಾತ್ರ ಐದು: ಅಡುಗೆ ಅಕ್ಕ, ಎಸ್‌ಡಿಎಂಸಿ ಅಧ್ಯಕ್ಷರು, ಇದೇ ಶಾಲೆಯಲ್ಲಿ ಓದಿದ ಒಬ್ಬ ಅಜ್ಜ, ಮರ ಕಡಿಯುವವನು, ಮತ್ತು ಮರದಲ್ಲಿ ಗೂಡು ಕಟ್ಟಿದ ಹಕ್ಕಿ. ಹಕ್ಕಿ ಬೇಕೇ ಬೇಕು ಅಂದದ್ದು ನಾಲ್ಕನೇ ತರಗತಿಯವರು.

ಮೂರನೇ ಶನಿವಾರ, ಸಂಭ್ರಮ ಶನಿವಾರ. ಬ್ಯಾಗಿಲ್ಲದ ದಿನವಾದ್ದರಿಂದ ಪೀರಿಯಡ್ಡಿನ ಗಂಟೆಯ ಹಂಗಿರಲಿಲ್ಲ. (ಕೈಪಿಡಿ ಒಂದು ಸನ್ನಿವೇಶಕ್ಕೆ ನಲವತ್ತು ನಿಮಿಷ ಸಾಕು ಅನ್ನುತ್ತದೆ. ಸಾಲದು. ನನಗೆ ಒಮ್ಮೆಯೂ ತೊಂಬತ್ತು ನಿಮಿಷದ ಒಳಗೆ ಮುಗಿದಿಲ್ಲ.) ಅಡುಗೆ ಅಕ್ಕನ ಪಾತ್ರ ಮಾಡಿದ ಹುಡುಗ ನಿಜವಾದ ಅಡುಗೆ ಅಕ್ಕನ ಹತ್ತಿರ ಹೋಗಿ ಕೇಳಿಕೊಂಡು ಬಂದಿದ್ದ. “ಸಾರಿನ ಪಾತ್ರೆ ಪಕ್ಕ ಹನಿ ಬೀಳ್ತದೆ. ದಿನಾ ಒಲೆ ಜಾಗ ಬದಲಾಯಿಸೋಕೆ ನಂಗೆ ಆಗೂದಿಲ್ಲ. ನಿಮಗೆ ಮರ ಬೇಕೋ, ಬಿಸಿ ಊಟ ಬೇಕೋ?” ಎಂದು ಅವನು ಕೇಳಿದಾಗ ಮರದ ಪರ ಇದ್ದ ಗುಂಪು ತಣ್ಣಗಾಯಿತು. ಅಜ್ಜನ ಪಾತ್ರದವಳು ಎದ್ದು, ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಈ ಮರ ನನ್ನಷ್ಟೇ ಎತ್ತರ ಇತ್ತು ಅಂದಳು. ಹಕ್ಕಿ ಅಳುವ ದನಿಯಲ್ಲಿ ಏನೋ ಹೇಳಿತು, ಯಾರ ಮನಸ್ಸೂ ಕರಗಲಿಲ್ಲ.

ಕುರ್ಚಿಯಲ್ಲಿ ಅಧ್ಯಕ್ಷನಾಗಿ ಕೂತಿದ್ದವನು ನಾಲ್ಕನೇ ತರಗತಿಯ ಒಬ್ಬ ಹುಡುಗ. ತರಗತಿಯಲ್ಲಿ ಹಾಜರಿ ಕರೆದಾಗ ಬಿಟ್ಟರೆ ಅವನ ದನಿ ನಾನು ಕೇಳಿದ್ದೇ ಕಡಿಮೆ. ಮರಳು ಇಳಿಯಿತು. ಅವನು ಮರ ಕಡಿಯುವವನ ಕಡೆ ತಿರುಗಿ ಕೇಳಿದ, “ಹಂಚಿನ ಮೇಲೆ ಬರೂದು ಎಷ್ಟು ಕೊಂಬೆ?” ಕಡಿಯುವವನು ಕಿಟಕಿಯಿಂದ ಇಣುಕಿ ಎಣಿಸಿದ. ಎರಡು. “ಹಂಗಾದ್ರೆ ಬುಡ ಯಾಕೆ ಕಡೀತ್ರಿ?”

ಆ ಪ್ರಶ್ನೆ ಯಾರ ಕಾರ್ಡಿನಲ್ಲೂ ಇರಲಿಲ್ಲ. ಹತ್ತೊಂಬತ್ತು ಮಕ್ಕಳೂ ಒಮ್ಮೆಲೇ ಮಾತಾಡತೊಡಗಿದರು. ಅಂದು ಬರೆದ ಪತ್ರಗಳಲ್ಲಿ ಮೊದಲ ಸಲ ನನಗೆ ಹತ್ತೊಂಬತ್ತು ಬೇರೆ ಬೇರೆ ಮಕ್ಕಳು ಕಂಡರು. ಒಬ್ಬಳು ಎಲೆ ಗುಡಿಸುವ ಪಾಳಿ ಹಾಕಿಕೊಳ್ಳುತ್ತೇವೆ ಎಂದು ಬರೆದಳು. ಒಬ್ಬ ಹಲಸಿನ ಹಪ್ಪಳದ ಲೆಕ್ಕ ಹಾಕಿದ. ಇನ್ನೊಬ್ಬ ಕಡಿಸಲೇಬೇಕು ಎಂದು ಪಟ್ಟು ಹಿಡಿದ. ಅವನ ಪತ್ರವೇ ಎಲ್ಲದಕ್ಕಿಂತ ಗಟ್ಟಿಯಾಗಿತ್ತು, ಏಕೆಂದರೆ ಮರದ ಪರ ಇರುವವರು ಏನು ಹೇಳಬಹುದು ಎಂಬುದನ್ನು ತಾನೇ ಮೊದಲು ಬರೆದು ಒಂದೊಂದಕ್ಕೂ ಉತ್ತರ ಕೊಟ್ಟಿದ್ದ. ಕುರ್ಚಿಯಲ್ಲಿ ಎರಡು ಸಲ ಕೂತವನು ಅವನೊಬ್ಬನೇ.

ನನಗೆ ಆಗ ನೆನಪಾದದ್ದು ತಾಳಮದ್ದಳೆ. ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಎರಡು ಮಾತು. ಅದು ಯಕ್ಷಗಾನದ್ದೇ ಒಂದು ಬಗೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಆ ಪಾತ್ರವಾಗಿ ಮಾತಾಡುತ್ತಾರೆ. ಮಾತು ಯಾರೂ ಬರೆದುಕೊಟ್ಟದ್ದಲ್ಲ. ಕೃಷ್ಣ ಸಂಧಾನಕ್ಕೆ ಬರುತ್ತಾನೆ, ಕೊನೆಗೆ ಐದೂರನ್ನಾದರೂ ಕೊಡು ಅನ್ನುತ್ತಾನೆ, ಕೌರವ ಒಪ್ಪುವುದಿಲ್ಲ. ಕಥೆಯ ತುದಿ ಎಲ್ಲರಿಗೂ ಗೊತ್ತು. ಆದರೂ ರಾತ್ರಿಯಿಡೀ ಕೂತು ಕೇಳುತ್ತೇವೆ, ಯಾಕೆಂದರೆ ಈ ಸಲದ ಕೌರವ ತನ್ನ ‘ಇಲ್ಲ’ಕ್ಕೆ ಯಾವ ನ್ಯಾಯ ಕಟ್ಟುತ್ತಾನೆ ಎಂಬ ಕುತೂಹಲ. ನನ್ನ ಅಪ್ಪ ಅಡಿಕೆ ಸುಲಿಯುವಾಗ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಕ್ಯಾಸೆಟ್ ಹಾಕುತ್ತಿದ್ದರು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳು ಬಂದಾಗ ಅಪ್ಪನ ಕೈಯಲ್ಲಿನ ಅಡಿಕೆ ಹಾಗೇ ನಿಲ್ಲುತ್ತಿತ್ತು. “ಎದುರಿನ ಅರ್ಥಧಾರಿ ಗಟ್ಟಿ ಇಲ್ಲದಿದ್ರೆ ರಾಮನೂ ಸಪ್ಪೆಯೇ” ಅಂತ ಅವರು ಹೇಳುತ್ತಿದ್ದುದು ಇಷ್ಟು ವರ್ಷದ ನಂತರ ನನ್ನ ತರಗತಿಯಲ್ಲಿ ಕೆಲಸಕ್ಕೆ ಬಂತು. ನಮ್ಮ ಮಕ್ಕಳಲ್ಲಿ ಮೂವರ ಅಜ್ಜಂದಿರು ಊರಿನ ಕೂಟದಲ್ಲಿ ಅರ್ಥ ಹೇಳಿದವರು. ಒಬ್ಬರನ್ನು ಆಗಸ್ಟಿನಲ್ಲಿ ಶಾಲೆಗೆ ಕರೆಸಿದೆ. ಅವರು ಮಕ್ಕಳಿಗೆ ಹೇಳಿಕೊಟ್ಟದ್ದು ಒಂದೇ: ಉತ್ತರ ಕೊಡುವ ಮೊದಲು ಎದುರಿನವರು ಹೇಳಿದ್ದನ್ನು ನಿನ್ನ ಬಾಯಲ್ಲಿ ಒಮ್ಮೆ ಹೇಳು, ಅವರು ‘ಹೌದು, ಅದೇ’ ಅಂದ ಮೇಲೆ ನಿನ್ನ ಮಾತು ಶುರು ಮಾಡು. ಕಿಟ್‌ನಲ್ಲಿ ಇಲ್ಲದ ಈ ನಿಯಮವನ್ನು ನಾನು ಅಂದಿನಿಂದ ಸೇರಿಸಿಕೊಂಡಿದ್ದೇನೆ.

ಕೈಪಿಡಿ ತನ್ನ ಬೇರನ್ನು ಇಂಗ್ಲೆಂಡಿನಲ್ಲಿ ಹೇಳುತ್ತದೆ. ಡೊರೊಥಿ ಹೀತ್‌ಕೋಟ್, 1926ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡವರು. ಹದಿನಾಲ್ಕನೇ ವಯಸ್ಸಿಗೆ ಉಣ್ಣೆ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗಿ ಮುಂದೆ ನ್ಯೂಕ್ಯಾಸಲ್‌ನಲ್ಲಿ ಶಿಕ್ಷಕರಿಗೆ ಪಾಠ ಹೇಳಿದರು. ಶಿಕ್ಷಕಿ ಹೊರಗೆ ನಿಂತು ನಿರ್ದೇಶನ ಕೊಡದೆ ತಾನೂ ಒಂದು ಪಾತ್ರವಾಗಿ ಮಕ್ಕಳ ನಡುವೆ ಇಳಿಯಬೇಕು ಎಂಬುದು ಅವರ ದಾರಿ. ಮಕ್ಕಳಿಗೆ ತಜ್ಞರ ಪಾತ್ರ ಕೊಟ್ಟು, ನಿಜವಾಗಿ ಯಾರಿಗೋ ಬೇಕಾದ ಕೆಲಸ ಒಪ್ಪಿಸುವುದೂ ಅವರಿಂದಲೇ ಬಂದದ್ದು. ಈ ಭಾಗವನ್ನು ಕೈಪಿಡಿ ಬಹಳ ಚೆನ್ನಾಗಿ ಬರೆದಿದೆ. ಅದನ್ನು ಓದಿಯೇ ನಾನು ಒಂದು ದಿನ ಬಸ್ಸಿನ ಕಂಡಕ್ಟರ್ ಆಗಿ ಹೆಗಲಿಗೆ ಚೀಲ ಹಾಕಿ ನಿಂತೆ. ‘ಇಲ್ಲಿ ಸ್ಟಾಪ್ ಇಲ್ಲ’ ಎಂಬ ಒಂದೇ ಮಾತು ನನ್ನದು. “ಅಕ್ಕೋರು ಹಟ ಮಾಡ್ತಾರೆ” ಅಂತ ದೂರುತ್ತಿದ್ದವರು ಹತ್ತು ನಿಮಿಷದಲ್ಲಿ ‘ಅಕ್ಕೋರು’ ಎಂಬುದನ್ನೇ ಮರೆತು “ಕಂಡಕ್ಟ್ರೇ, ನಿಮ್ಮ ಮಕ್ಕಳು ಯಾವ ಶಾಲೆಗೆ ಹೋಗ್ತಾರೆ?” ಎಂದು ಕೇಳಿದರು.

ಇನ್ನೊಂದು ಮಾತು. ನಮ್ಮ ಮಕ್ಕಳು ಮೂರನೆಯವರೆಗೆ ನಲಿಕಲಿಯಲ್ಲಿ ಬೆಳೆದವರು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಶುರು ಮಾಡಿದ ಪದ್ಧತಿ ಅದು. ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಹಿಡಿದು, ಪಕ್ಕದವರಿಂದ ಕಲಿತು ಬಂದ ಮಕ್ಕಳನ್ನು ನಾವು ನಾಲ್ಕನೇ ತರಗತಿಗೆ ಬಂದ ಕೂಡಲೇ ಸಾಲು ಬೆಂಚಿನಲ್ಲಿ ಕೂರಿಸಿ ಬೋರ್ಡಿನದ್ದನ್ನು ನಕಲು ಮಾಡಿಸುತ್ತೇವೆ. ಈ ಕಿಟ್ ತೆರೆದ ದಿನ ನಾಲ್ಕನೇ ತರಗತಿಯವರು ಕೇಳದೆಯೇ ನೆಲಕ್ಕೆ ಇಳಿದು ವೃತ್ತವಾಗಿ ಕೂತರು. ಐದನೆಯವರಿಗೆ ಅದು ಮರೆತುಹೋಗಿತ್ತು.

ಈಗ ಕೈಪಿಡಿಯ ಭಾಷೆ. ಇಲ್ಲಿ ನಾನು ಸುಮ್ಮನಿರಲಾರೆ. ಬರವಣಿಗೆಯ ಭಾಗಕ್ಕೆ ಅವರು ಒಂದು ಚೌಕಟ್ಟು ಕೊಟ್ಟಿದ್ದಾರೆ: “ನನ್ನ ಅಭಿಪ್ರಾಯದಲ್ಲಿ ____. ಏಕೆಂದರೆ ____. ಎರಡನೆಯದಾಗಿ ____. ಆದ್ದರಿಂದ ನಾನು ನಂಬುತ್ತೇನೆ ____.” ಮಕ್ಕಳು ಬಿಟ್ಟ ಸ್ಥಳ ತುಂಬಿದರು. ಮತ್ತೆ ಹತ್ತೊಂಬತ್ತು ಒಂದೇ ಪತ್ರ. ಯಾಕೆ ಹೀಗಾಯಿತು ಎಂದು ಒಂದು ವಾರ ಯೋಚಿಸಿದೆ. ಮಕ್ಕಳು ಅಂಗಳದಲ್ಲಿ ಮಾತಾಡುವುದನ್ನು ಕೂತು ಬರೆದುಕೊಂಡೆ. “ಮಳೆ ಬಂದ್ರೆ ಚೀಲ ಒದ್ದೆ ಆಗ್ತದೆ, ಪುಸ್ತಕ ಹಾಳಾಗ್ತದೆ, ಅಪ್ಪ ಬೈತಾರೆ, ಅದ್ಕೆ ಬಾಗಿಲು ಬೇಗ ತೆಗೀರಿ.” ಕನ್ನಡದ ಮಗು ಕಾರಣವನ್ನು ಮೊದಲು ಪೋಣಿಸುತ್ತದೆ, ಬೇಡಿಕೆಯನ್ನು ಕೊನೆಗೆ ಇಡುತ್ತದೆ. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಮಾತು ಹಾಗೆಯೇ ಹರಿಯುತ್ತದೆ. ಅಜ್ಜಿ ಕಥೆ ಹೇಳಿದರೂ ಹೀಗೇ, ಸಂತೆಯಲ್ಲಿ ಚೌಕಾಸಿ ಮಾಡಿದರೂ ಹೀಗೇ. ಮೊದಲು ಅಭಿಪ್ರಾಯ ಹೇಳು, ಆಮೇಲೆ ‘ಏಕೆಂದರೆ’ ಹಾಕು ಎಂಬುದು ಬೇರೆ ಭಾಷೆಯ ನಡಿಗೆ. ‘ಏಕೆಂದರೆ’ ತಪ್ಪು ಪದವಲ್ಲ, ನಾನೂ ಬಳಸುತ್ತೇನೆ. ಆದರೆ ಒಂಬತ್ತು ವರ್ಷದ ಮಗು ಬರೆಯಲು ಶುರು ಮಾಡುವಾಗ ಅದರ ಬಾಯಿಗೆ ಒಗ್ಗಿದ ಹಾದಿ ಬಿಟ್ಟು ಇನ್ನೊಂದು ಹಾದಿಯಲ್ಲಿ ನಡೆಸಿದರೆ ಕಾಲು ತೊಡರುತ್ತದೆ.

ಚೌಕಟ್ಟನ್ನು ತೆಗೆದುಹಾಕಿದೆ. ಬದಲಿಗೆ ಕಿಟ್‌ನದ್ದೇ ಬಣ್ಣದ ಚೀಟಿಗಳನ್ನು ಬಳಸಿದೆ. ಅವು ನಿಜಕ್ಕೂ ಚೆನ್ನಾಗಿವೆ. ಹಳದಿ ಲೆಕ್ಕಕ್ಕೆ, ಕೆಂಪು ಕರುಳಿಗೆ, ನೀಲಿ ಮಾತಿನ ತೂಕಕ್ಕೆ, ಅಂದರೆ ಹೇಳುವವರನ್ನು ಯಾಕೆ ನಂಬಬೇಕು ಎಂಬುದಕ್ಕೆ. ಕೇಳುಗರನ್ನು ಒಪ್ಪಿಸುವ ಮೂರು ದಾರಿ ಎಂದು ಗ್ರೀಸಿನ ಅರಿಸ್ಟಾಟಲ್ ವಿಂಗಡಿಸಿದ್ದನ್ನೇ ಮಕ್ಕಳಿಗೆ ತಿಳಿಯುವಂತೆ ಇಳಿಸಿದ್ದಾರೆ. ಒಂದು ಚೀಟಿಗೆ ಒಂದೇ ಕಾರಣ. ಚೀಟಿಗಳನ್ನು ನೆಲದ ಮೇಲೆ ಹರಡಿ, ಯಾವುದು ಮೊದಲು, ಯಾವುದು ಆಮೇಲೆ ಅಂತ ಗುಂಪು ಜಗಳವಾಡಿ ಜೋಡಿಸುತ್ತದೆ. ಜೋಡಿಸಿದ ಸಾಲನ್ನು ಓದಿದರೆ ಅದೇ ಪತ್ರದ ಹೊಟ್ಟೆ. ಒಂದು ಗುಂಪಿನ ಸಾಲಿನಲ್ಲಿ ಆರೂ ಚೀಟಿ ಕೆಂಪು ಇದ್ದವು. ಎದುರು ಗುಂಪಿನ ಹುಡುಗಿ ನೋಡಿ, “ಬರೀ ಅಳೂದೇ ಆಯ್ತಲ್ಲೇ, ಒಂದಾದ್ರೂ ಹಳದಿ ಹಾಕು” ಅಂದಳು.

ಗುಂಪಿನಲ್ಲಿ ಬರೆಸುವವರಿಗೆ ಇನ್ನೊಂದು ತೊಂದರೆ ಗೊತ್ತಿರುತ್ತದೆ. ಅಕ್ಷರ ಚೆಂದ ಇರುವ ಮಗು ಬರೆಯುತ್ತದೆ, ಉಳಿದವರು ರಬ್ಬರ್ ಹಿಡಿದುಕೊಂಡು ಕೂರುತ್ತಾರೆ. ಕೈಪಿಡಿ ‘ಎಲ್ಲರೂ ಭಾಗವಹಿಸುವಂತೆ ನೋಡಿಕೊಳ್ಳಿ’ ಎಂದು ಬರೆದು ಕೈತೊಳೆದುಕೊಂಡಿದೆ. ನಾನು ಮಾಡಿದ್ದು ಇಷ್ಟು: ಚೀಟಿ ಬರೆದವರೇ ಆ ವಾಕ್ಯವನ್ನು ಪತ್ರಕ್ಕೆ ಇಳಿಸಬೇಕು. ಒಂದೇ ಪತ್ರದಲ್ಲಿ ಐದು ಕೈಬರಹ. ಇನ್ಸ್‌ಪೆಕ್ಷನ್ನಿಗೆ ಬಂದವರು ಹಾಳೆ ಅಂದವಾಗಿಲ್ಲ ಎಂದರು. ಇರಲಿ. ಯಾರ ಮಾತು ಯಾವುದು ಎಂದು ಕಾಣುವ ಹಾಳೆ ನನಗೆ ಬೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ಒಂಬತ್ತನೇ ಕಾರ್ಡು, ‘ಮಗಳ ಓದು ಬಿಡಿಸಲು ಹೊರಟ ತಂದೆ’. ವಿಷಯ ನಮ್ಮ ಊರಿಗೆ ಹತ್ತಿರದ್ದು, ಹಾಗಾಗಿ ಬಳಸಿದೆ. ತಂದೆಯ ಕಾರ್ಡು ಒಬ್ಬ ಹುಡುಗಿಗೆ ಹೋಯಿತು. ಅವಳ ಅಕ್ಕನನ್ನು ಏಳನೆಯ ನಂತರ ಶಾಲೆ ಬಿಡಿಸಿದ್ದಾರೆ. ನನಗೆ ಗೊತ್ತಿತ್ತು, ಆ ಗಳಿಗೆಗೆ ಹೊಳೆಯಲಿಲ್ಲ. ಅವಳು ಕುರ್ಚಿಯಲ್ಲಿ ಕೂತು ಮಾತಾಡಿದಳು. ಅದು ಕಲ್ಪಿಸಿದ ಮಾತಲ್ಲ, ಮನೆಯಲ್ಲಿ ಕೇಳಿದ್ದು. ಎದುರಿದ್ದವರು ಸುಮ್ಮನಾದರು. ಆಟ ನಿಂತ ಮೇಲೂ ಅವಳು ಆ ದನಿಯಿಂದ ಹೊರಬರಲಿಲ್ಲ. ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ಅವಳ ಜೊತೆ ಮನೆಯವರೆಗೆ ನಡೆದು ಹೋದೆ. ದಾರಿಯಲ್ಲಿ ಹೆಚ್ಚೇನೂ ಮಾತಾಡಲಿಲ್ಲ. ಅವಳ ಅಕ್ಕನ ವಿಷಯಕ್ಕೆ ಅವರ ಅಮ್ಮನ ಜೊತೆ ಅಂದಿನಿಂದ ಮಾತು ನಡೆದಿದೆ, ಅದು ಬೇರೆ.

ಪಾತ್ರಕ್ಕೆ ಇಳಿಯುವುದು ಹೇಗೆ ಎಂದು ಕೈಪಿಡಿಯಲ್ಲಿ ಆರು ಪುಟ ಇದೆ. ಪಾತ್ರದಿಂದ ಹೊರಬರುವುದು ಹೇಗೆ ಎಂಬುದಕ್ಕೆ ಒಂದು ಸಾಲಿದೆ. ಮಕ್ಕಳ ಜೊತೆ ಕೆಲಸ ಮಾಡುವ ಸಾಮಗ್ರಿಗೆ ಇದು ದೊಡ್ಡ ಕೊರತೆ. ನಾನು ಫೋನ್ ಮಾಡಿ ಹೇಳಿದಾಗ ಅವರು ವಾದಿಸಲಿಲ್ಲ, ಬರೆದುಕೊಂಡರು, ಮರುದಿನ ತಾವೇ ಮತ್ತೆ ಫೋನ್ ಮಾಡಿ ವಿವರ ಕೇಳಿದರು. ಅದಕ್ಕೆ ಅವರ ಮೇಲೆ ಗೌರವ ಇದೆ. ಈಗ ನನ್ನ ತರಗತಿಯಲ್ಲಿ ಪಾತ್ರ ಮಾಡುವವರು ಹೆಗಲ ಮೇಲೆ ಒಂದು ಶಾಲು ಹಾಕಿಕೊಳ್ಳುತ್ತಾರೆ. ಮುಗಿದ ಮೇಲೆ ಶಾಲನ್ನು ಮಡಚಿ ನನ್ನ ಕೈಗೆ ಕೊಟ್ಟು, ತಮ್ಮ ನಿಜವಾದ ಹೆಸರು ಮತ್ತು ಬೆಳಿಗ್ಗೆ ಏನು ತಿಂಡಿ ತಿಂದೆ ಎಂಬುದನ್ನು ಹೇಳಿ, ಹೋಗಿ ನೀರು ಕುಡಿದು ಬರುತ್ತಾರೆ. ಮತ್ತೆ, ಯಾವ ಕಾರ್ಡು ಬೇಡ ಅನಿಸಿದರೂ ಕಾರಣ ಹೇಳದೆ ಬದಲಾಯಿಸಿಕೊಳ್ಳಬಹುದು. ನೀವು ಈ ಕಿಟ್ ತೆಗೆದುಕೊಂಡರೆ ಮೊದಲ ದಿನದಿಂದಲೇ ಇಷ್ಟನ್ನು ಮಾಡಿ.

ಗುಣಮಟ್ಟದ ಬಗ್ಗೆ ಚಿಕ್ಕದಾಗಿ. ಕಾರ್ಡುಗಳಿಗೆ ಲ್ಯಾಮಿನೇಷನ್ ಇದೆ, ಆದರೆ ನಮ್ಮ ಮಳೆಗಾಲದ ತೇವಕ್ಕೆ ಅಂಚು ಬಿಟ್ಟುಕೊಂಡಿತು. ಮರಳು ಗಡಿಯಾರ ಸೆಪ್ಟೆಂಬರಿನಲ್ಲಿ ಒಡೆಯಿತು, ಬೇರೆ ಕಳಿಸಿಕೊಟ್ಟರು, ದುಡ್ಡು ಕೇಳಲಿಲ್ಲ. ಚೀಟಿಗಳು ಎರಡು ತಿಂಗಳಿಗೆ ಖಾಲಿ. ಮತ್ತೆ ಕೊಳ್ಳಬೇಡಿ, ಬಣ್ಣದ ಹಾಳೆ ಕತ್ತರಿಸಿದರೆ ಸಾಕು. ಆನ್‌ಲೈನ್ ತರಬೇತಿಯಲ್ಲಿ ಎರಡನೇ ಸಂಜೆಯದ್ದು, ಶಿಕ್ಷಕಿ ಪಾತ್ರಕ್ಕೆ ಇಳಿಯುವುದನ್ನು ತೋರಿಸಿದ ಭಾಗ, ಎರಡು ಸಲ ನೋಡುವಂಥದ್ದು. ಮೊದಲ ಸಂಜೆಯದ್ದನ್ನು ಬಿಟ್ಟರೂ ನಡೆಯುತ್ತದೆ.

ಕೊಳ್ಳಬೇಕೇ? ಪಟ್ಟಣದ ಶಾಲೆಯಾದರೆ, ತರಗತಿಯಲ್ಲಿ ಮೂವತ್ತರ ಒಳಗೆ ಮಕ್ಕಳಿದ್ದರೆ, ಕೊಳ್ಳಿ. ನಮ್ಮಂಥ ಹಳ್ಳಿ ಶಾಲೆಯವರು ಒಬ್ಬೊಬ್ಬರೇ 1,450 ರೂಪಾಯಿ ಕೊಡುವುದಕ್ಕಿಂತ ಕ್ಲಸ್ಟರಿಗೆ (ಅಕ್ಕಪಕ್ಕದ ಶಾಲೆಗಳ ಗುಂಪಿಗೆ) ಒಂದು ತರಿಸಿ, ಸಮಾಲೋಚನಾ ಸಭೆಯಲ್ಲಿ ಎಲ್ಲರೂ ಕೂತು ನಿಮ್ಮ ನಿಮ್ಮ ಊರಿನ ಹನ್ನೆರಡು ಸನ್ನಿವೇಶ ಬರೆದುಕೊಳ್ಳಿ. ನಮ್ಮ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಸಿಆರ್‌ಪಿಯವರಿಗೆ ಇದನ್ನು ಹೇಳಿದ್ದೇನೆ, ಜನವರಿ ಸಭೆಗೆ ಇಟ್ಟಿದ್ದಾರೆ. ಪರೀಕ್ಷೆಯಲ್ಲಿ ಪತ್ರಲೇಖನಕ್ಕೆ ಅಂಕ ಹೆಚ್ಚಾಗುತ್ತದೆಯೇ ಎಂದು ಕೇಳುವವರಿಗೆ ನೇರ ಉತ್ತರ: ಚೌಕಟ್ಟಿಗೆ ಕೊಡುವ ಅಂಕ ಅಷ್ಟೇ ಇರುತ್ತದೆ. ಒಡಲಿಗೆ ಅಂಕ ಕೊಡುವ ಮೌಲ್ಯಮಾಪಕರಿದ್ದರೆ ಹೆಚ್ಚುತ್ತದೆ.

ಡಿಸೆಂಬರಿನಲ್ಲಿ ನಮ್ಮ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ಆಯಿತು. ಪಕ್ಕದ ಜಿಲ್ಲೆಯ ಕುಂದಾಪುರ ಕಡೆ 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ನಡೆಸಿ ಮಕ್ಕಳು ತಮ್ಮ ದಾರಿ, ಸಂಕ (ಹಳ್ಳ ದಾಟುವ ಕಾಲುಸೇತುವೆ), ನೀರಿನ ಬಗ್ಗೆ ದೊಡ್ಡವರ ಮುಂದೆ ಮಾತಾಡಿದ್ದಾರೆ. ಈಗ ರಾಜ್ಯದ ಪಂಚಾಯ್ತಿಗಳೆಲ್ಲ ವರ್ಷಕ್ಕೊಮ್ಮೆ ಈ ಸಭೆ ಕರೆಯಬೇಕು. ಹಿಂದಿನ ವರ್ಷಗಳಲ್ಲಿ ನಮ್ಮ ಮಕ್ಕಳು ನಾವು ಬರೆದುಕೊಟ್ಟದ್ದನ್ನು ಓದಿ ಬರುತ್ತಿದ್ದರು. ಈ ಸಲ ಅವರೇ ಹದಿನೈದು ದಿನ ತಯಾರಾದರು. ವಿಷಯ ಹಳ್ಳದ ಸಂಕ. ಕುರ್ಚಿಯಲ್ಲಿ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಆಗಿ ಒಬ್ಬರಾದ ಮೇಲೆ ಒಬ್ಬರು ಕೂತು ‘ದುಡ್ಡು ಎಲ್ಲಿಂದ?’, ‘ಎಷ್ಟು ಮಕ್ಕಳು ದಾಟ್ತೀರಿ?’, ‘ಬೇರೆ ದಾರಿ ಇಲ್ವಾ?’ ಎಂದೆಲ್ಲ ಕೇಳಿ ಕೇಳಿ ಪತ್ರವನ್ನು ನಾಲ್ಕು ಸಲ ತಿದ್ದಿಸಿದರು. ಸಭೆಯಲ್ಲಿ ಓದಿದ್ದು ಹೀಗಿತ್ತು:

“ಮಾನ್ಯರೇ, ನಮ್ಮ ಕೇರಿಯಿಂದ ಶಾಲೆಗೆ ಬರುವ ದಾರಿಯಲ್ಲಿ ಹಳ್ಳ ಇದೆ. ಹಳ್ಳಕ್ಕೆ ಅಡಿಕೆ ಮರದ ಸಂಕ ಇದೆ. ಅದನ್ನು ಆರು ಮಕ್ಕಳು ದಿನಾ ದಾಟುತ್ತೇವೆ. ಜುಲೈ ತಿಂಗಳಲ್ಲಿ ಹಳ್ಳ ತುಂಬಿದ ಒಂಬತ್ತು ದಿನ ನಾವು ಶಾಲೆಗೆ ಬಂದಿಲ್ಲ. ಹಾಜರಿ ಪುಸ್ತಕದಲ್ಲಿ ಇದೆ, ನೋಡಬಹುದು. ಸುತ್ತಿ ಬರುವ ದಾರಿ ಇದೆ, ಅದು ಎರಡೂವರೆ ಕಿಲೋಮೀಟರ್, ನಡುವೆ ಕಾಡು ಇದೆ. ಸೇತುವೆಗೆ ಬಹಳ ದುಡ್ಡು ಬೇಕು ಎಂದು ನಿಮಗೆ ಅನಿಸಬಹುದು. ನಾವು ದೊಡ್ಡ ಸೇತುವೆ ಕೇಳುತ್ತಿಲ್ಲ. ಬ್ಯಾಗು ಹಾಕಿಕೊಂಡು ಒಬ್ಬರು ದಾಟುವಷ್ಟು ಅಗಲ, ಹಿಡಿದುಕೊಳ್ಳಲು ಎರಡು ಕಡೆ ಪೈಪು ಇದ್ದರೆ ಸಾಕು. ಹಳ್ಳದ ಅಗಲ ಹಗ್ಗ ಹಿಡಿದು ಅಳೆದಿದ್ದೇವೆ. ಇಪ್ಪತ್ತೆರಡು ಅಡಿ.”

ಓದಿದವಳು ಜೂನ್‌ನಲ್ಲಿ ಎರಡು ಸಾಲಿನಲ್ಲಿ ಆಟದ ಸಾಮಾನು ಕೇಳಿದ್ದ ಹುಡುಗಿ. ಪಿಡಿಒ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಮ್ಮ ಕುರ್ಚಿಯಲ್ಲಿ ಯಾರೂ ಕೇಳದಿದ್ದ ಒಂದು ಪ್ರಶ್ನೆ ಕೇಳಿದರು: “ಎರಡೂ ದಡದ ಜಾಗ ಯಾರದ್ದು? ಅವರು ಒಪ್ಪಿದ್ದಾರಾ?” ನನ್ನ ಎದೆ ಧಸಕ್ ಎಂದಿತು. ಎದ್ದು ಉತ್ತರ ಕೊಡಬೇಕು ಅನಿಸಿತು, ಕೊಡಲಿಲ್ಲ. ಅವಳು ಸ್ವಲ್ಪ ಹೊತ್ತು ನಿಂತಳು. ಅಜ್ಜ ಹೇಳಿಕೊಟ್ಟಂತೆ ಪ್ರಶ್ನೆಯನ್ನು ತನ್ನ ಬಾಯಲ್ಲಿ ಒಮ್ಮೆ ಹೇಳಿದಳು. “ಜಾಗದವರು ಒಪ್ಪಿದ್ದಾರಾ ಅಂತ ಕೇಳ್ತಿದ್ದೀರಿ. ಈಚೆ ದಡ ನಮ್ಮ ಮನೇದೇ ಸರ್. ಆಚೆ ದಡದವರನ್ನ ನಾವು ಕೇಳಿಲ್ಲ. ಕೇಳಿ ಬಂದು ಹೇಳ್ತೇವೆ.” ಪಿಡಿಒ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಜಾಗದವರ ಒಪ್ಪಿಗೆ ಪತ್ರ ತಂದರೆ ಕ್ರಿಯಾ ಯೋಜನೆಗೆ ಇಡುತ್ತೇನೆ ಎಂದರು.

ಆಚೆ ದಡದ ತೋಟದವರು ಊರಿನಲ್ಲಿ ಸುಲಭಕ್ಕೆ ಹೂಂ ಅನ್ನುವವರಲ್ಲ. ಬೇಲಿ ವಿಷಯಕ್ಕೆ ಎರಡು ಮನೆಗೂ ಹಳೆಯ ಮನಸ್ತಾಪ ಇದೆ. ಕಳೆದ ಶನಿವಾರ ಮಕ್ಕಳು ಕಿತ್ತಳೆ ಬಟ್ಟೆ ಹೊದಿಸಿ ಅವರ ಪಾತ್ರವನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಸಂಕ ಆದ ಮೇಲೆ ತೋಟದೊಳಗೆ ದಿನಾ ಜನ ಓಡಾಡಿದರೆ ಅಡಿಕೆ ಕಾಯುವವರು ಯಾರು ಎಂಬ ಪ್ರಶ್ನೆಗೆ ಇನ್ನೂ ಹಳದಿ ಚೀಟಿ ಸಿಕ್ಕಿಲ್ಲ. ಪತ್ರ ಈಗ ಮೂರನೇ ಕರಡಿನಲ್ಲಿದೆ.